ಶಾಯಿಗೆಷ್ಟು, ಗೆರೆಗೆಷ್ಟು?

ಅಮೆರಿಕದಲ್ಲಿ ಪತ್ರಿಕೆಯ ವ್ಯಂಗ್ಯಚಿತ್ರಕಾರರಿಗೆ ಭಾರಿ ಮರ್ಯಾದೆ. ಅವರ ಮೂಲಚಿತ್ರ, ಪತ್ರ, ಅರ್ಧಕ್ಕೆ ಬಿಟ್ಟ ಸ್ಕೆಚ್ಚು ಎಲ್ಲವನ್ನೂ ವಿಶ್ವವಿದ್ಯಾಲಯಗಳು ಕಾಪಾಡುತ್ತವೆ. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ 1977ರಲ್ಲಿ ಕಾಮಿಕ್ಸ್ ಚಿತ್ರಕಾರ ಮಿಲ್ಟನ್ ಕ್ಯಾನಿಫ್ ಅವರ ಕಾಗದಪತ್ರಗಳಿಂದ ಶುರುಮಾಡಿದ ಸಂಗ್ರಹದಲ್ಲಿ ಈಗ ಮೂಲಚಿತ್ರಗಳೇ ಸುಮಾರು 3 ಲಕ್ಷ ಇವೆ. ಬಿಳಿ ಗ್ಲೌಸು, ತಂಪು ಕೋಣೆ, ವಿಶೇಷ ಪೆಟ್ಟಿಗೆ. ದೇವರ ಉತ್ಸವಮೂರ್ತಿಗೂ ಇಷ್ಟು ಉಪಚಾರ ಇರಲ್ಲ.

ತೆರಿಗೆ ಕಾನೂನು ಮಾತ್ರ ಈ ಭಕ್ತಿಗೆಲ್ಲ ಮರುಳಾಗುವುದಿಲ್ಲ.

ವ್ಯಂಗ್ಯಚಿತ್ರಕಾರ ತನ್ನದೇ ಚಿತ್ರವನ್ನು ಗ್ರಂಥಾಲಯಕ್ಕೆ ದಾನ ಕೊಟ್ಟರೆ ತೆರಿಗೆಯಲ್ಲಿ ಎಷ್ಟು ವಿನಾಯಿತಿ ಗೊತ್ತಾ? ಕಾಗದ ಮತ್ತು ಶಾಯಿಯ ಖರ್ಚಿನಷ್ಟು. ನಮ್ಮ ರದ್ದಿ ಅಂಗಡಿಯವನೂ ಹೀಗೇ, ಪೇಪರಿನ ತೂಕ ನೋಡುತ್ತಾನೆ, ಒಳಗೇನಿದೆ ಅಂತ ಓದುವುದಿಲ್ಲ. ಅದೇ ಚಿತ್ರವನ್ನು ಪಕ್ಕದ ಮನೆಯವರು ದುಡ್ಡು ಕೊಟ್ಟು ಕೊಂಡು, ನಾಲ್ಕು ವರ್ಷ ಹಾಲ್‌ನಲ್ಲಿ ತೂಗುಹಾಕಿ, ಆಮೇಲೆ ದಾನ ಕೊಟ್ಟರೆ? ಅವರಿಗೆ ಪೂರ್ತಿ ಮಾರುಕಟ್ಟೆ ಬೆಲೆಯ ವಿನಾಯಿತಿ. ಬರೆದವನಿಗಿಂತ ಮೊಳೆ ಹೊಡೆದವನಿಗೆ ಜಾಸ್ತಿ.

ರಾಜಕಾರಣಿಗಳು ತಮ್ಮನ್ನೇ ಗೇಲಿ ಮಾಡಿದ ಚಿತ್ರದ ಮೂಲಪ್ರತಿ ಕೇಳಿ ತರಿಸಿಕೊಳ್ಳುವುದು ಹಳೇ ಚಾಳಿ. ಹಾಗೆ ಪುಕ್ಕಟೆ ಪಡೆದದ್ದನ್ನು ದಾನ ಕೊಟ್ಟರೆ ಅವರಿಗೂ ಶಾಯಿಯ ರೇಟೇ. ಈ ಒಂದು ವಿಷಯದಲ್ಲಿ ಕಾನೂನು ಭೇದಭಾವ ಮಾಡಿಲ್ಲ, ಒಪ್ಪಬೇಕು.

ಇನ್ನು ವ್ಯಂಗ್ಯಚಿತ್ರಕಾರ ಸತ್ತರೆ ಬೇರೆಯೇ ಲೆಕ್ಕ. ಆಸ್ತಿ ದೊಡ್ಡದಿದ್ದರೆ ಎಸ್ಟೇಟ್ ತೆರಿಗೆ ಬೀಳುತ್ತದೆ. ಆಗ ಅದೇ ಚಿತ್ರಗಳಿಗೆ ಸರ್ಕಾರ ಪೂರ್ತಿ ಮಾರುಕಟ್ಟೆ ಬೆಲೆ ಕಟ್ಟುತ್ತದೆ. ಕೊಡುವಾಗ ಬರೀ ಶಾಯಿ, ವಸೂಲಿ ಮಾಡುವಾಗ ಮಹಾಕಲೆ! ವಾರಸುದಾರರು ದಾನ ಕೊಟ್ಟರೆ ಅವರಿಗೂ ಪೂರ್ತಿ ಬೆಲೆ. ಒಟ್ಟಿನಲ್ಲಿ ವಿನಾಯಿತಿ ಬೇಕಿದ್ದರೆ ಮೊದಲು ಕಣ್ಣು ಮುಚ್ಚಬೇಕು.

ಈ ಕಾನೂನು ಬಂದದ್ದು 1969ರಲ್ಲಿ. ಮುಖ್ಯ ಗುರಿ ರಾಜಕಾರಣಿಗಳೇ. ಅಧಿಕಾರದಲ್ಲಿ ಕೂಡಿಟ್ಟ ಕಾಗದಪತ್ರ ದಾನ ಮಾಡಿ ಲಕ್ಷಗಟ್ಟಲೆ ವಿನಾಯಿತಿ ಹೊಡೆಯುತ್ತಿದ್ದರಲ್ಲ, ಅದನ್ನು ತಡೆಯಬೇಕಿತ್ತು. ಆ ಬಲೆಗೆ ಕಲಾವಿದರೂ ಬಿದ್ದರು. ಸಹಿ ಹಾಕಿದವರು ಅಧ್ಯಕ್ಷ ರಿಚರ್ಡ್ ನಿಕ್ಸನ್. ಹಳೇ ಲೆಕ್ಕದಲ್ಲೇ ಕಾಗದಪತ್ರ ದಾನ ಮಾಡಲು ಗಡುವು ಆ ವರ್ಷದ ಜುಲೈ 25. ನಿಕ್ಸನ್ ತಮ್ಮ ಕಾಗದಪತ್ರಗಳನ್ನು ಕೊಟ್ಟ ದಾನಪತ್ರಕ್ಕೆ ಸಹಿ ಬಿದ್ದದ್ದು 1970ರ ಏಪ್ರಿಲ್‌ನಲ್ಲಿ. ಅದರ ಮೇಲಿದ್ದ ತಾರೀಕು ಮಾತ್ರ 1969ರ ಮಾರ್ಚ್ 27! ಆ ಪೇಪರುಗಳಿಗೆ ಕಟ್ಟಿಸಿದ್ದ ಬೆಲೆ 5,76,000 ಡಾಲರ್. ಕೊನೆಗೆ ಸಿಕ್ಕಿಬಿದ್ದು 1974ರಲ್ಲಿ ತೆರಿಗೆ ಬಾಕಿ ಕಟ್ಟಬೇಕಾಯಿತು. ಶಾಯಿಗೆ ಎಷ್ಟು ಬೆಲೆ ಬರಬಹುದು ಅಂತ ಗೊತ್ತಿದ್ದ ಮನುಷ್ಯ.

ಅವರನ್ನು ಹಿಗ್ಗಾಮುಗ್ಗಾ ಗೀಚಿದವರಲ್ಲಿ ಲಾಸ್ ಏಂಜಲೀಸ್ ಟೈಮ್ಸ್‌ನ ಪಾಲ್ ಕಾನ್ರಾಡ್ ಒಬ್ಬರು. ನಿಕ್ಸನ್ ಕಚೇರಿಯ ವೈರಿಗಳ ಪಟ್ಟಿಯಲ್ಲಿ ಅವರ ಹೆಸರಿತ್ತು. ಕಾನ್ರಾಡ್ ಗೆರೆಗೆ ಸರಿಯಾದ ಬೆಲೆ ಕಟ್ಟಿದ ಸರ್ಕಾರಿ ದಾಖಲೆ ಬಹುಶಃ ಅದೊಂದೇ. ಮುಂದೆ ನಿಕ್ಸನ್ ಓದಿದ ವಿಟಿಯರ್ ಕಾಲೇಜು ಇದೇ ಕಾನ್ರಾಡ್‌ರನ್ನು ಕರೆದು ಕೂರಿಸಿದ್ದು ರಿಚರ್ಡ್ ನಿಕ್ಸನ್ ಪೀಠದಲ್ಲಿ! ಇದನ್ನು ನಾನು ಕಟ್ಟಿ ಹೇಳಿದ್ದರೆ ಅತಿಯಾಯಿತು ಅಂತಿದ್ದಿರಿ, ಅಲ್ವಾ?

ವರ್ಮಾಂಟ್‌ನ ಸೆನೆಟರ್ ಆಗಿದ್ದ ಪ್ಯಾಟ್ರಿಕ್ ಲೇಹಿ ಈ ಕಾನೂನು ತಿದ್ದಲು ಹಲವು ಸಲ ಮಸೂದೆ ತಂದರು. ಪಾಸಾಗಲಿಲ್ಲ. ಹಾಗಾಗಿ ಅಲ್ಲಿನ ವ್ಯಂಗ್ಯಚಿತ್ರಕಾರರಿಗೆ ಒಂದೇ ಸಲಹೆ. ಸ್ಟೇಷನರಿ ಅಂಗಡಿಯ ರಸೀದಿ ಒಂದನ್ನೂ ಬಿಸಾಡಬೇಡಿ. ರಬ್ಬರಿನದ್ದೂ ಸೇರಿಸಿ. ಸಂಪಾದಕರು ಅಳಿಸಿ ಅಂದ ಗೆರೆಗಳಿಗೂ ಒಂದೆರಡು ಸೆಂಟ್ ಸಿಕ್ಕರೆ ಸಿಗಲಿ.