ಗುಣಿಸಿದ ಮೇಲೆ ಕೇಳಿ ಫಲವಿಲ್ಲ

ನಮ್ಮ ಮುದ್ರಣಾಲಯದ ಕಂಪ್ಯೂಟರುಗಳಿಗೆ ಕಡತಗಳನ್ನು ಹಂಚುವ ಫೈಲ್ ಸರ್ವರಿನ ದೋಷ ಸರಿಯಾಯಿತೆಂದು ಬದಿಯಡ್ಕದ ಹುಡುಗ ನಿನ್ನೆ ರಾತ್ರಿ ಸಂದೇಶ ಕಳಿಸಿದ. ಸಂತೋಷದಿಂದಲೇ ತೆರೆದು ನೋಡಿದೆ. ಕೋಡಿನಲ್ಲಿ ಪರಿಶೀಲನೆಯ ಸಾಲೊಂದನ್ನು ಸೇರಿಸಿದ್ದ, ಆದರೆ ಗುಣಿಸಿ ಮುಗಿದ ಮೇಲೆ. ಆ ಕ್ಷಣ ಬಂದ ಸಿಟ್ಟು ಈ ಬೆಳಗಿಗೂ ಇಳಿದಿಲ್ಲ.

ಎಷ್ಟು ದಾಖಲೆಗಳು ಬರಲಿವೆ ಎಂಬುದನ್ನು ಕ್ಲೈಂಟ್, ಅಂದರೆ ಸರ್ವರಿಗೆ ಕೋರಿಕೆ ಕಳಿಸುವ ಕಂಪ್ಯೂಟರು, ಮೊದಲೇ ಹೇಳುತ್ತದೆ. ಸರ್ವರ್ ಆ ಸಂಖ್ಯೆಯನ್ನು ಒಂದು ದಾಖಲೆಯ ಅಳತೆಯಾದ 16 ಬೈಟಿನಿಂದ ಗುಣಿಸಿ ಅಷ್ಟು ಮೆಮೊರಿಯನ್ನು ತೆಗೆದಿಡುತ್ತದೆ. ಗುಣಲಬ್ಧವನ್ನು ಇಡುವ ಜಾಗ 32 ಬಿಟ್ಟಿನದು, ಅಂದರೆ ಸೊನ್ನೆ-ಒಂದುಗಳ 32 ಅಂಕಿಗಳದು; ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 4,29,49,67,295. ಯಾರಾದರೂ 26,84,35,457 ದಾಖಲೆಗಳಿವೆ ಎಂದು ಹೇಳಿದರೆ ಗುಣಲಬ್ಧ ಆ ಮಿತಿ ದಾಟಿ, ಸುತ್ತು ಹೊಡೆದು, ಬರೀ 16 ಆಗಿ ನಿಲ್ಲುತ್ತದೆ. ಸರ್ವರ್ 16 ಬೈಟ್ ಜಾಗ ಮಾಡಿ, ಅದರೊಳಗೆ ಕೋಟಿಗಟ್ಟಲೆ ದಾಖಲೆಗಳನ್ನು ತುಂಬಲು ಹೊರಟು, ಪಕ್ಕದ ಮೆಮೊರಿಯನ್ನೆಲ್ಲ ಅಳಿಸುತ್ತ ಹೋಗುತ್ತದೆ. ಹುಡುಗನ ಸಾಲು ಕೇಳುವುದು ಆ 16 ಮಿತಿ ಮೀರಿದೆಯೇ ಎಂದು. ಮೀರಿಲ್ಲ. ಐದಂಕಿಯ ಸ್ಕೂಟರ್ ಮೀಟರು 99999 ದಾಟಿ ಸೊನ್ನೆಗೆ ಬಂದ ಮೇಲೆ ಅದನ್ನು ನೋಡಿ ಗಾಡಿ ಎಷ್ಟು ಓಡಿದೆಯೆಂದು ಹೇಳಲು ಸಾಧ್ಯವೇ?

"ಚೆಕ್ ಉಂಟಲ್ಲ ಅಣ್ಣ, ಮತ್ತೆಂತ?" ಎಂದು ಅವನು ಫೋನಿನಲ್ಲಿ ಕೇಳಿದ. ಚೆಕ್ ಇದ್ದರೆ ಸಾಲದು, ಗುಣಿಸುವ ಮೊದಲೇ ಇರಬೇಕು: ಮಿತಿಯನ್ನು 16ರಿಂದ ಭಾಗಿಸಿ, ಕ್ಲೈಂಟ್ ಹೇಳಿದ ಸಂಖ್ಯೆ ಆ ಭಾಗಲಬ್ಧಕ್ಕಿಂತ ದೊಡ್ಡದೇ ಎಂದು ನೋಡಬೇಕು. 16ರಿಂದ ಭಾಗಿಸುವಾಗ ಲೆಕ್ಕ ಉಕ್ಕಿ ಹರಿಯುವುದಿಲ್ಲ. ಗುಣಲಬ್ಧವನ್ನು 64 ಬಿಟ್ಟಿಗೆ ಏರಿಸಿದರಾಯಿತಲ್ಲ ಎಂದೂ ಅವನು ಹೇಳಿದ. ಅದನ್ನು ಪಡೆಯುವ ಮುಂದಿನ ಫಂಕ್ಷನ್ 32 ಬಿಟ್ಟಿನದೇ ಆಗಿದ್ದರೆ ಅಲ್ಲಿ ಮತ್ತೆ ಸಂಖ್ಯೆಯ ಮೇಲಿನ ಬಿಟ್ಟುಗಳು ಕತ್ತರಿಸಿಹೋಗುತ್ತವೆ.

ಕಾಸರಗೋಡಿನ ಒಂದು ಮುದ್ರಣಾಲಯದ ಹತ್ತು ಕಂಪ್ಯೂಟರುಗಳ ನಡುವೆ ಅಂಥ ಸಂಖ್ಯೆಯನ್ನು ಕಳಿಸುವವರು ಯಾರು ಎಂದು ಕೆಲವರು ಕೇಳುತ್ತಾರೆ. ಈ ಮಾತನ್ನು ನಾನು ಒಪ್ಪುವುದೇ ಇಲ್ಲ. 2017ರ ಮೇ ತಿಂಗಳಲ್ಲಿ ಬ್ರಿಟನ್ನಿನ ಆಸ್ಪತ್ರೆಗಳನ್ನು ಕಂಗೆಡಿಸಿದ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಬ್ಬಿದ್ದು, ವಿಂಡೋಸಿನ ಫೈಲ್ ಹಂಚಿಕೆಯ ಸರ್ವರಿನಲ್ಲಿ 32 ಬಿಟ್ಟಿನ ಲೆಕ್ಕವನ್ನು 16 ಬಿಟ್ಟಿನ ಜಾಗಕ್ಕೆ ಬರೆದಿದ್ದ ತಪ್ಪಿನಿಂದ. ವಿಂಡೋಸ್ ಕಂಪ್ಯೂಟರುಗಳೊಂದಿಗೆ ಫೈಲ್ ಹಂಚಿಕೊಳ್ಳಲು ಬಳಸುವ ಸಾಂಬಾ ಎಂಬ ಮುಕ್ತ ಸರ್ವರಿನಲ್ಲಿಯೂ ಪೂರ್ಣಾಂಕ ಉಕ್ಕುವ ಇಂಥದೇ ದೋಷ ಹೊರಬಿದ್ದು, 2004ರ ಡಿಸೆಂಬರಿನಲ್ಲಿ 3.0.10ನೆಯ ಆವೃತ್ತಿಯಲ್ಲಿ ಸರಿಯಾಯಿತು.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ, ಅದನ್ನು ಮುಚ್ಚಿಡಲಾರೆ. ಈ ಸರ್ವರಿನ ಮೊದಲ ರೂಪದಲ್ಲಿ ಗುಣಿಸಿದ ಮೇಲೆ ಪರಿಶೀಲಿಸುವ ಸಾಲನ್ನು ಬರೆದವನು ನಾನೇ, ಹುಡುಗ ಕಲಿತದ್ದು ಅದನ್ನು ಓದಿ.

ಇವತ್ತು ಇಬ್ಬರೂ ಕುಳಿತು ಅಂಥ ಸಾಲುಗಳನ್ನೆಲ್ಲ ಹುಡುಕಿದೆವು. ಇನ್ನೂ ಮೂರು ಸಿಕ್ಕವು, ಮೂರೂ ನನ್ನವೇ. ತಿದ್ದಿದ ಮೇಲೆ ಅವನೇ 26,84,35,457 ಎಂಬ ಸಂಖ್ಯೆಯಿಟ್ಟು ಕೋರಿಕೆ ಕಳಿಸಿದ. ಸರ್ವರ್ ಅದನ್ನು ನಿರಾಕರಿಸಿ ಸಂಪರ್ಕ ಕಡಿದುಕೊಂಡಿತು. ಅದೇ ಹೊತ್ತಿಗೆ ಪಕ್ಕದ ಮೇಜಿನಲ್ಲಿ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಯ ಪುಟಗಳು ಎಂದಿನಂತೆ ತೆರೆದುಕೊಳ್ಳುತ್ತಿದ್ದವು.