ಇಸ್ಪೀಟ್ ಜಾದೂಗೆ ಕಥೆ ಬೇಕಾ? ಪರ–ವಿರೋಧ

ಪ್ರಶ್ನೆ ಇಷ್ಟೇ. ಇಸ್ಪೀಟ್ ಎಲೆಗಳಲ್ಲಿ ಜಾದೂ ಮಾಡುವವರು ತಮ್ಮದೇ ಒಂದು ಶೈಲಿ ಹಿಡಿದು, ಆಟಗಳನ್ನೆಲ್ಲ ಒಂದು ಕಥೆಯಲ್ಲಿ ಪೋಣಿಸಲೇಬೇಕಾ? ಆಟ ಗಟ್ಟಿಯಾಗಿದ್ದರೆ ಸಾಲದಾ?

ಪರ: ಕಥೆ ಇಲ್ಲದ ಆಟ ಬರೀ ಒಗಟು

"ಒಂದು ಎಲೆ ತಗೊಳ್ಳಿ. ನೋಡ್ಕೊಳ್ಳಿ. ವಾಪಸ್ ಇಡಿ." ಮೊದಲ ಸಲ ಕೇಳಿದಾಗ ಕುತೂಹಲ ಹುಟ್ಟುತ್ತದೆ. ಅದೇ ಕೂಟದಲ್ಲಿ ಐದನೇ ಸಲ ಕೇಳಿದರೆ ಆಕಳಿಕೆ ಬರುತ್ತದೆ. ಕೈಚಳಕದಲ್ಲಿ ಚೆನ್ನಾಗಿ ಪಳಗಿದವರೂ ಇಲ್ಲೇ ಮುಗ್ಗರಿಸುತ್ತಾರೆ. ಅವರ ಪ್ರಕಾರ ತೋರಿಸಿದ್ದು ಐದು ಬೇರೆ ಬೇರೆ ಆಟ. ನೋಡುವವರ ಪ್ರಕಾರ ಐದು ಸಲವೂ ಎಲೆ ಕಳೆಯಿತು, ಐದು ಸಲವೂ ಸಿಕ್ಕಿತು, ಅಷ್ಟೇ.

ಎಲೆ ಜಾದೂಗೆ ಹುಟ್ಟಿನಿಂದಲೇ ಒಂದು ತೊಡಕಿದೆ. ಎಣಿಸಬೇಕು, ಹಂಚಬೇಕು, ತಿರುಗಿಸಬೇಕು, ಕಲಸಬೇಕು. ಇದಕ್ಕೆಲ್ಲ ಗುಟ್ಟಿನೊಳಗೆ ಕಾರಣ ಇರುತ್ತದೆ, ಆದರೆ ಅದನ್ನು ಹೇಳುವ ಹಾಗಿಲ್ಲ. ಎಲ್ಲರಿಗೂ ಗೊತ್ತಿರುವ 21 ಎಲೆಗಳ ಆಟವನ್ನೇ ನೋಡಿ. ಏಳೇಳರ ಮೂರು ಸಾಲು ಹಂಚಬೇಕು. ಯಾವ ಸಾಲು ಅಂತ ಕೇಳಿ ಅದನ್ನು ಮಧ್ಯಕ್ಕೆ ಸೇರಿಸಬೇಕು. ಹೀಗೆ ಮೂರು ಸಲ ಮಾಡಿದರೆ ಮನಸ್ಸಿನಲ್ಲಿಟ್ಟ ಎಲೆ 11ನೆಯದಾಗಿ ಬಂದು ಕೂರುತ್ತದೆ. ಲೆಕ್ಕ ಸರಿಯಾಗಿದೆ. ಆದರೆ ಮೂರು ಸಲ ಯಾಕೆ ಹಂಚಬೇಕು? ಹೊರಗೆ ಕಾಣುವ ಕಾರಣ ಒಂದೂ ಇಲ್ಲ. ಹಾಗಾಗಿಯೇ "ಏನೋ ಲೆಕ್ಕ ಇದೆ" ಅಂತ ಮಕ್ಕಳೂ ಹೇಳಿಬಿಡುತ್ತಾರೆ.

ಕಥೆ ಕೊಡುವುದು ಆ ಕಾರಣವನ್ನೇ. ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ಎಲೆ ಜಾದೂಗಾರ ಡೈ ವರ್ನನ್ 1946ರಲ್ಲಿ ಪ್ರಕಟಿಸಿದ 'ಟ್ರಯಂಫ್'. ಆಟ ಹೀಗಿದೆ: ಅರ್ಧ ಕಟ್ಟು ಮೇಲ್ಮುಖ, ಅರ್ಧ ಕೆಳಮುಖ ಮಾಡಿ ಕಲಸುತ್ತಾರೆ. ಆಮೇಲೆ ಬಿಡಿಸಿ ನೋಡಿದರೆ ಎಲ್ಲ ಎಲೆಗಳೂ ಒಂದೇ ಕಡೆ ತಿರುಗಿರುತ್ತವೆ. ಆಯ್ದ ಎಲೆ ಮಾತ್ರ ಉಲ್ಟಾ. ಸುಮ್ನೆ ಮಾಡಿದರೆ ಜಾದೂಗಾರ ತಾನೇ ಕೆಡಿಸಿ ತಾನೇ ಸರಿಮಾಡಿದ ಹಾಗೆ. ಅದರಲ್ಲೇನು ದೊಡ್ಡಸ್ತಿಕೆ? ವರ್ನನ್ ಒಬ್ಬ ಕುಡುಕನನ್ನು ತಂದರು. ಆಟದ ನಡುವೆ ಅವನು ಕಟ್ಟನ್ನು ಕಿತ್ತುಕೊಂಡು, ಮಜಾ ನೋಡೋಣ ಅಂತ ಎಲೆಗಳನ್ನು ಹಿಂದುಮುಂದಾಗಿ ಕಲಸಿಬಿಟ್ಟನಂತೆ. ಈಗ ಒಬ್ಬ ಎದುರಾಳಿ ಇದ್ದಾನೆ, ಜಾದೂಗಾರ ಇಕ್ಕಟ್ಟಿನಲ್ಲಿದ್ದಾನೆ. ಕೊನೆಯಲ್ಲಿ ಎಲೆಗಳು ನೆಟ್ಟಗಾದಾಗ ಗೆದ್ದ ಖುಷಿ ನೋಡುವವರಿಗೂ ಸಿಗುತ್ತದೆ. ಕೈಯ ಕೆಲಸ ಒಂದಿಷ್ಟೂ ಬದಲಾಗಿಲ್ಲ, ನೋಡಿ.

ಕಥೆ ಅಂದರೆ ವಟವಟ ಮಾತು ಅಂತ ಯಾರೂ ತಿಳಿಯಬೇಕಿಲ್ಲ. 1895ರಲ್ಲಿ ವೇಲ್ಸ್‌ನಲ್ಲಿ ಹುಟ್ಟಿದ ಕಾರ್ಡಿನಿ, ಮೊದಲ ಮಹಾಯುದ್ಧದ ಕಂದಕಗಳಲ್ಲಿ ಚಳಿಗೆ ಕೈಗವಸು ಹಾಕಿಕೊಂಡೇ ಎಲೆಗಳನ್ನು ಅಭ್ಯಾಸ ಮಾಡಿದವರು. ರಂಗದ ಮೇಲೆ ಮಾತೇ ಆಡುತ್ತಿರಲಿಲ್ಲ. ಸೂಟು ಬೂಟು ತೊಟ್ಟು, ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡ, ಸ್ವಲ್ಪ ಜಾಸ್ತಿ ಕುಡಿದಿರುವ ಒಬ್ಬ ದೊಡ್ಡ ಮನುಷ್ಯನ ಪಾತ್ರ ಅದು. ಎಲೆಗಳು ಬೇಡ ಬೇಡ ಅಂದರೂ ಅವನ ಬೆರಳ ತುದಿಗೆ ಬರುತ್ತಲೇ ಇರುತ್ತವೆ. ಅವನಿಗೇ ಗಾಬರಿ. ಎಲೆ, ಸಿಗರೇಟು, ಬಿಲಿಯರ್ಡ್ಸ್ ಚೆಂಡು ಎಲ್ಲವೂ ಈ ಒಂದೇ ಗಾಬರಿಗೆ ಸೇರಿಕೊಂಡವು. ಆ ಪಾತ್ರಕ್ಕೆ ಒಗ್ಗದ ಆಟಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಶೈಲಿಯಿಂದ ಆಗುವ ದೊಡ್ಡ ಲಾಭ ಇದೇ. ಏನು ಬಿಡಬೇಕು ಅನ್ನುವುದು ತಿಳಿಯುತ್ತದೆ. ಇವತ್ತು ಹೊಸ ಆಟ ಕಲಿಯುವುದು ಕಷ್ಟವಲ್ಲ, ಕಲಿತದ್ದನ್ನು ಕೈಬಿಡುವುದು ಕಷ್ಟ. ಅರ್ಜೆಂಟೀನಾದ ರೆನೆ ಲಾವಂದ್ ಒಂಬತ್ತನೇ ವಯಸ್ಸಿನಲ್ಲಿ ಅಪಘಾತದಲ್ಲಿ ಬಲಗೈ ಕಳೆದುಕೊಂಡರು. ಎಡಗೈ ಒಂದರಲ್ಲೇ ಎಲೆಗಳನ್ನು ಪಳಗಿಸಿದರು. ವೇಗದಲ್ಲಿ ಎರಡು ಕೈಯವರ ಜತೆ ಪೈಪೋಟಿಗೆ ನಿಲ್ಲಲಿಲ್ಲ. ನಿಧಾನವನ್ನೇ ಹಿಡಿದರು. ಒಂದು ಪುಟ್ಟ ಕಥೆ ಅಥವಾ ನಾಲ್ಕು ಸಾಲು ಕವಿತೆ ಹೇಳುತ್ತಾ ಎಲೆಯನ್ನು ಮೆಲ್ಲಗೆ, ಇನ್ನೂ ಮೆಲ್ಲಗೆ ಇಡುತ್ತಿದ್ದರು. ಅವರ ಆಟದ ವಿವರ ಮರೆತವರಿಗೂ ಆ ನಿಧಾನ ಮರೆತಿಲ್ಲ. ಆಟದ ಗುಟ್ಟು ಯಾರಿಗಾದರೂ ಸಿಗಬಹುದು, ಆ ದನಿ ಸಿಗುವುದಿಲ್ಲ.

ವಿರೋಧ: ಕಥೆಯನ್ನು ನೋಡುಗರಿಗೇ ಬಿಡಿ

ಕಾರ್ಡಿನಿ, ಲಾವಂದ್ ಅಂತ ಹೆಸರು ಹೇಳಿದರೆ ತಲೆಬಾಗದೆ ಇರಲು ಆಗುತ್ತಾ? ಆದರೆ ವಾದ ಅಲ್ಲೇ ಜಾರುತ್ತದೆ. ಲಾವಂದರ ನಿಧಾನ ಅವರ ಒಂದೇ ಕೈಯಿಂದ ಬಂದದ್ದು. ವರ್ಷಗಟ್ಟಲೆ ಎಲೆ ಹಿಡಿದ ಮೇಲೆ ಉಳಿದದ್ದು. ಕುಳಿತು ಯೋಚಿಸಿ "ನನ್ನ ಶೈಲಿ ಇದು" ಅಂತ ಆರಿಸಿಕೊಂಡದ್ದಲ್ಲ. ಹೊಸಬರಿಗೆ ಮೊದಲೇ ಶೈಲಿ ಹುಡುಕಿ ಅಂದರೆ ಏನಾಗುತ್ತದೆ? ಯಾರದ್ದೋ ಟೋಪಿ, ಯಾರದ್ದೋ ಗತ್ತು, ಯಾರದ್ದೋ ಪಿಸುಮಾತು ತಂದು ಹಾಕಿಕೊಳ್ಳುತ್ತಾರೆ. ಎಲೆ ಇನ್ನೂ ಕೈಯಲ್ಲಿ ನಿಲ್ಲುತ್ತಿರುವುದಿಲ್ಲ, ಪಾತ್ರ ಮಾತ್ರ ರೆಡಿ!

ಇನ್ನು ಕಥೆಗಳ ಗುಣಮಟ್ಟ. ನಾಲ್ಕು ಗುಲಾಮರು ಕಳ್ಳರಂತೆ, ಕಟ್ಟು ಒಂದು ಮನೆಯಂತೆ, ಒಬ್ಬ ನೆಲಮಾಳಿಗೆಗೆ ಹೋದನಂತೆ, ಇನ್ನೊಬ್ಬ ಅಡುಗೆಮನೆಗೆ ನುಗ್ಗಿದನಂತೆ. ಪೊಲೀಸರು ಬಂದ ಕೂಡಲೇ ನಾಲ್ವರೂ ಚಾವಣಿಗೆ ಓಡಿ ಮೇಲಿನ ನಾಲ್ಕು ಎಲೆಗಳಾದರಂತೆ. ದೊಡ್ಡವರ ಮುಂದೆ ಇದನ್ನು ಹೇಳುವಾಗ ಹೇಳುವವರಿಗೇ ಮುಜುಗರ ಆಗುವುದಿಲ್ವಾ? ಎಲೆಗೆ ಕಳ್ಳನ ವೇಷ ಹಾಕಿದ ಮಾತ್ರಕ್ಕೆ ಅದು ಕಥೆ ಆಗಲಿಲ್ಲ. ಎಲೆಯ ಪ್ರತಿ ಚಲನೆಯನ್ನೂ ಬಾಯಲ್ಲಿ ವಿವರಿಸಿದ ಹಾಗಾಯಿತು.

ಇದಕ್ಕಿಂತ ಆಳದ ತಕರಾರು ಒಂದಿದೆ. ಕಥೆಯ ಕೊನೆ ಹೇಳುವವನ ಕೈಯಲ್ಲಿರುತ್ತದೆ. ಜಾದೂ ಮೈ ಜುಮ್ಮೆನ್ನಿಸುವುದು ಅದಕ್ಕೆ ಉಲ್ಟಾ ಕಾರಣಕ್ಕೆ. ನೋಡುವವನು ತಾನೇ ಆರಿಸಿದ್ದಾನೆ, ತಾನೇ ಕಲಸಿದ್ದಾನೆ, ಆದರೂ ಹೀಗಾಯಿತಲ್ಲ ಅನ್ನುವ ದಿಗಿಲು. ಜಾದೂಗಾರ ಬಿಲ್ ಮಲೋನ್ ಜನಪ್ರಿಯಗೊಳಿಸಿದ 'ಸ್ಯಾಮ್ ದಿ ಬೆಲ್‌ಹಾಪ್' ಅನ್ನುವ ಆಟದಲ್ಲಿ ಕಥೆ ಓಡುತ್ತಾ ಹೋದಂತೆ ಅದರ ಪ್ರತಿ ಮಾತಿಗೂ ತಕ್ಕ ಎಲೆ ಸರಿಯಾಗಿ ಬಂದು ಬೀಳುತ್ತದೆ. ನಾನೂ ಅದನ್ನು ನೋಡಿ ನಕ್ಕು ಚಪ್ಪಾಳೆ ತಟ್ಟುತ್ತೇನೆ. ಆದರೆ ಆ ಚಪ್ಪಾಳೆ ಅಚ್ಚುಕಟ್ಟಾದ ಕಸುಬಿಗೆ. ಎಲ್ಲವೂ ಮೊದಲೇ ಜೋಡಿಸಿದ್ದು ಅನ್ನುವ ಅನುಮಾನ ಹೋಗುವುದೇ ಇಲ್ಲ.

ಪಕ್ಕದಲ್ಲಿ 1942ರಲ್ಲಿ ಪಾಲ್ ಕರಿ ಹೊರತಂದ 'ಔಟ್ ಆಫ್ ದಿಸ್ ವರ್ಲ್ಡ್' ಇಟ್ಟು ನೋಡಿ. ನೋಡುಗನೇ ಒಂದೊಂದು ಎಲೆಯನ್ನೂ ಮುಖ ನೋಡದೆ, ಇದು ಕೆಂಪಿರಬಹುದು, ಇದು ಕಪ್ಪಿರಬಹುದು ಅಂತ ಊಹಿಸಿ ಹಂಚುತ್ತಾನೆ. ತಿರುಗಿಸಿದರೆ ಕೆಂಪೆಲ್ಲ ಒಂದು ಕಡೆ, ಕಪ್ಪೆಲ್ಲ ಇನ್ನೊಂದು ಕಡೆ. ಇದಕ್ಕೆ ರಾಜನ ಕಥೆ, ರಾಣಿಯ ಕಥೆ ಸೇರಿಸಿದರೆ ಆಟ ಕೆಡುತ್ತದೆ. ಇಲ್ಲಿ ಕಥೆ ಹುಟ್ಟುವುದು ಆಟ ಮುಗಿದ ಮೇಲೆ. ನೋಡುಗ ಮನೆಗೆ ಹೋಗಿ "ನಾನೇ ಹಂಚಿದ್ದು ಕಣ್ರೀ" ಅಂತ ಶುರುಮಾಡುತ್ತಾನೆ, ತನಗೆ ಬೇಕಾದಷ್ಟು ಉಪ್ಪು ಖಾರ ಹಚ್ಚುತ್ತಾನೆ. ಅದಕ್ಕೆ ಅವನು ಬಿಟ್ಟರೆ ಬೇರೆ ನಾಯಕ ಇಲ್ಲ.

ವರ್ನನ್ ಅವರನ್ನು ನನ್ನ ಕಡೆಯ ಸಾಕ್ಷಿಯಾಗಿಯೂ ಕರೆಯಬಹುದು. ಯಾವುದೇ ಆಟವನ್ನು ಮೂರು ಸಲ ತೋರಿಸಿದರೆ ಗುಟ್ಟು ಹಿಡಿಯುತ್ತೇನೆ ಅಂತ ಹುಡಿನಿ ಜಂಬ ಕೊಚ್ಚುತ್ತಿದ್ದರು. 1922ರಲ್ಲಿ ಶಿಕಾಗೋದಲ್ಲಿ ಹುಡಿನಿಯ ಮುಂದೆ ವರ್ನನ್ ಆಟ ತೋರಿಸಿದರು. ಹುಡಿನಿಯ ಹೆಸರಿನ ಮೊದಲಕ್ಷರ ಬರೆದ ಎಲೆಯನ್ನು ಕಟ್ಟಿನ ಮೇಲಿನ ಎಲೆಯ ಕೆಳಗೆ ಸೇರಿಸಿದರು. ಅದು ಮತ್ತೆ ಮೇಲೆಯೇ ಇತ್ತು. ಮತ್ತೆ ಸೇರಿಸಿದರು, ಮತ್ತೆ ಬಂತು. ಮೂರು ಸಲ ದಾಟಿದರೂ ಹುಡಿನಿಗೆ ತಿಳಿಯಲಿಲ್ಲ. ಅಲ್ಲಿ ಕುಡುಕನೂ ಇಲ್ಲ, ಕಳ್ಳನೂ ಇಲ್ಲ. ಇದ್ದದ್ದು ಒಂದು ಎಲೆ, ಒಂದು ಸವಾಲು. 'ಟ್ರಯಂಫ್' ಕಥೆಯನ್ನು ಒಪ್ಪುತ್ತೇನೆ, ಆದರೆ ಅದು ಎಷ್ಟು ಉದ್ದ ಇದೆ? ನಾಲ್ಕೈದು ವಾಕ್ಯ. ಉಳಿದ ಹೊತ್ತೆಲ್ಲ ಕಣ್ಣು ಎಲೆಗಳ ಮೇಲೆಯೇ ಇರುತ್ತದೆ.

ಮೇಜಿನ ಸುತ್ತ ಕುಳಿತವರ ಮುಂದೆ ಆಡುವಾಗ ಇನ್ನೊಂದು ಪೇಚಾಟ ಇದೆ. ಯಾರೋ ನಡುವೆ ಎದ್ದು ಹೋಗುತ್ತಾರೆ, ಯಾರಿಗೋ ಫೋನ್ ಬರುತ್ತದೆ, ಒಬ್ಬರು "ನಾನೇ ಕಲಸ್ತೀನಿ ಕೊಡಿ" ಅಂತ ಕೈಚಾಚುತ್ತಾರೆ. ಬಾಯಿಪಾಠದ ಕಥೆ ಇಟ್ಟುಕೊಂಡವರು ಅಲ್ಲಿ ತಡವರಿಸುತ್ತಾರೆ. ಆಟ ಗೊತ್ತಿರುವವರು ಕಟ್ಟನ್ನು ಅವರ ಕೈಗೇ ಕೊಟ್ಟು ಅಲ್ಲಿಂದಲೇ ಇನ್ನೊಂದು ಆಟ ಶುರುಮಾಡುತ್ತಾರೆ.