ಬೀಳಗಿ ಮಡ್ಡಿಯ ಆನೆಗಳಿಗೆ ನೀರು ಸಿಕ್ಕಿತು

ಬಾಗಲಕೋಟೆ ಜಿಲ್ಲೆಯಲ್ಲಿ ಇನ್ನು ಮುಂದೆ ಒಂದೇ ಒಂದು ಆನೆಯೂ ನೀರಡಿಸಿ ಸಾಯುವುದಿಲ್ಲ. ಈ ಮಾತನ್ನು ಎದೆ ತಟ್ಟಿ ಹೇಳುತ್ತೇನೆ. ಯಾಕೆಂದರೆ ಜಿಲ್ಲೆಯಲ್ಲಿ ಆನೆಯೇ ಇಲ್ಲ. ಮತ್ತೆ, ಇಲ್ಲದ ಆ ಆನೆಗಳಿಗಾಗಿ ಬೀಳಗಿ ಕಡೆಯ ಒಂದು ಮಡ್ಡಿಯ ಮೇಲೆ ತೊಟ್ಟಿ ಕಟ್ಟಿಯೂ ಆಗಿದೆ.

ಯಾವ ಊರು, ಯಾವ ಇಲಾಖೆ ಅಂತ ಕೇಳಬೇಡಿ. ತೊಟ್ಟಿಗಿಂತ ದೊಡ್ಡದಾದ ಬೋರ್ಡು ಅಲ್ಲಿದೆ ನಿಜ. ಆದರೆ ನಮ್ಮ ಬಿಸಿಲಿಗೆ ಬಣ್ಣವೆಲ್ಲ ಹಾರಿಹೋಗಿ ‘ಯೋಜನೆಯಡಿ’ ಅನ್ನುವ ಒಂದು ಪದ ಮಾತ್ರ ಉಳಿದಿದೆ. ಉಳಿಯಬೇಕಾದದ್ದೇ ಉಳಿದಿದೆ ಅನ್ನಿ.

ಹೋದ ಏಪ್ರಿಲ್‌ನಲ್ಲಿ ಕಾಕಾನ ಜೊತೆ ಅಲ್ಲಿಗೆ ಹೋಗಿದ್ದೆ. ಕಾಕಾ ಕುರಿ ಕಾಯುವವನು. ಆ ಮಡ್ಡಿಯ ಒಂದೊಂದು ಜಾಲಿ ಗಿಡವೂ ಅವನಿಗೆ ಗೊತ್ತು. ಬೈಕು ನಿಲ್ಲಿಸಿ ಅರ್ಧ ಕಿಲೋಮೀಟರ್ ನಡೆದರೆ ಗರಸಿನ ನೆಲದ ಮೇಲೆ ತೊಟ್ಟಿ ಕಾಣುತ್ತದೆ. ಮೂರು ಅಡಿ ಎತ್ತರದ ನೆಟ್ಟನೆ ಗೋಡೆ. ನುಣ್ಣಗೆ ಗಿಲಾವ್ ಮಾಡಿ ಹಸಿರು ಬಣ್ಣ ಬಳಿದಿದ್ದಾರೆ. ಅದರ ಮೇಲೆ ಒಂದು ಚಿತ್ರ. ತಾಯಿ ಆನೆ, ಒಂದು ಮರಿ, ಹಿಂದೆ ತೆಂಗಿನ ಮರದಂಥದ್ದು ಏನೋ. ತಾಯಿ ಸೊಂಡಿಲೆತ್ತಿ ಮರಿಗೆ ನೀರು ಚಿಮ್ಮಿಸುತ್ತಿದೆ.

‘ಕಾಕಾ, ಇಲ್ಲಿ ಆನಿ ನೋಡಿಯೇನು?’

‘ನೋಡೇನಲ್ಲ. ಇಲ್ಲೇ, ಗ್ವಾಡಿ ಮ್ಯಾಲೆ.’

ಕರ್ನಾಟಕಕ್ಕೆ ಆನೆಯ ಬರ ಇಲ್ಲ ಬಿಡಿ. 2023ರ ಗಣತಿಯಲ್ಲಿ 6,395 ಸಿಕ್ಕವು, ದೇಶಕ್ಕೇ ಮೊದಲ ಸ್ಥಾನ. ಆದರೆ ಅವು ಬಂಡೀಪುರ, ನಾಗರಹೊಳೆ ಕಡೆಯ ಮಂದಿ. ದಾಂಡೇಲಿ ಕಾಡಿನ ಒಂದೆರಡು ಆಗಾಗ ಖಾನಾಪುರದ ಭತ್ತದ ಗದ್ದೆಗೆ ಬಂದು ಊಟ ಮುಗಿಸಿ ಹೋಗುವುದುಂಟು. ಅಲ್ಲಿಂದ ಬಸ್ ಹಿಡಿದು ಬೀಳಗಿಗೆ ಬಂದ ಆನೆಯ ಸುದ್ದಿ ನಾನಂತೂ ಕೇಳಿಲ್ಲ. ನಮ್ಮ ಜಿಲ್ಲೆಯ ಆನೆಗಳೆಲ್ಲ ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಕಲ್ಲುಗಳಲ್ಲಿವೆ. ಚಾಲುಕ್ಯರ ಕಾಲದಿಂದ ಬಿಸಿಲಲ್ಲಿ ನಿಂತಿವೆ. ಒಂದು ಕೊಡ ನೀರು ಕೇಳಿಲ್ಲ.

ನಮ್ಮಲ್ಲಿರುವುದು ಚಿಂಕಾರ, ಒಣ ನೆಲದ ಒಂದು ಜಾತಿಯ ಚಿಗರಿ. ಬೀಳಗಿ, ಮುಧೋಳ ತಾಲೂಕುಗಳ ಗುಡ್ಡದಲ್ಲಿ ಅದಕ್ಕಾಗಿಯೇ 2016ರಲ್ಲಿ ಯಡಹಳ್ಳಿ ಅಭಯಾರಣ್ಯ ಆಯಿತು, ಸುಮಾರು 96 ಚದರ ಕಿಲೋಮೀಟರ್. ನಾನು ಹೇಳುತ್ತಿರುವ ಮಡ್ಡಿ ಅದರ ಗಡಿಯಿಂದ ಹೊರಗಿದೆ. ಆದರೆ ಗಡಿ ಎಲ್ಲಿ ಮುಗಿಯಿತು ಅಂತ ಚಿಂಕಾರಕ್ಕೆ ಯಾರೂ ನೋಟಿಸು ಕೊಟ್ಟಿಲ್ಲವಾದ್ದರಿಂದ ಅದು ಇಲ್ಲಿಗೂ ಬರುತ್ತದೆ. ಸಣ್ಣ ಜೀವ. ತೂಕ ಇಪ್ಪತ್ತು ಕಿಲೋ ಆಸುಪಾಸು. ಹೆಗಲಿನ ಎತ್ತರ ಸುಮಾರು 65 ಸೆಂಟಿಮೀಟರ್. ತೊಟ್ಟಿಯ ಗೋಡೆ 90. ಅಂದರೆ ನೀರು ಕುಡಿಯುವ ಅಂಚು ಅದರ ಹೆಗಲಿಗಿಂತ ಒಂದು ಗೇಣು ಮೇಲಿದೆ. ನೀರು ಅಂಚಿನಿಂದ ಮತ್ತೆ ಒಂದು ಮೊಳ ಕೆಳಗೆ. ಚಿಂಕಾರ ಕುಡಿಯಬೇಕೆಂದರೆ ಹಿಂಗಾಲ ಮೇಲೆ ನಿಂತು, ಮುಂಗಾಲು ಗೋಡೆಗೆ ಕೊಟ್ಟು, ಕತ್ತನ್ನು ಒಳಗೆ ಇಳಿಬಿಡಬೇಕು. ಹಿಂದೆ ತೋಳ ಬಂದರೆ ಅದೇ ಭಂಗಿಯಲ್ಲಿ ಸ್ವಾಗತಿಸಬೇಕು.

ಪರಿಚಯದವರ ಪರಿಚಯ ಹಿಡಿದು ತೊಟ್ಟಿ ಕಟ್ಟಿಸಿದ ಸಾಹೇಬರಿಗೆ ಫೋನ್ ಮಾಡಿದೆ.

‘ಅದು ಮ್ಯಾಲಿಂದ ಬಂದ ಎಸ್ಟಿಮೇಟ್ ರೀ. ಸ್ಟ್ಯಾಂಡರ್ಡ್ ಡಿಸೈನ್.’

‘ಚಿಂಕಾರಕ್ಕ ಎಟಕೂದಿಲ್ಲಲ್ರೀ?’

‘ಡಿಸೈನ್‌ನ್ಯಾಗ ಪ್ರಾಣಿ ಕಾಲಂ ಇಲ್ಲರೀ. ಉದ್ದ, ಅಗಲ, ಎತ್ತರ. ಅಷ್ಟ.’

‘ಎತ್ತರ ಕಡಿಮಿ ಮಾಡಬಹುದಿತ್ತಲ್ಲ?’

‘ಎತ್ತರ ಕಡಿಮಿ ಆದ್ರ ಎಸ್ಟಿಮೇಟ್ ಕಡಿಮಿ ಆಗ್ತದ. ಮತ್ತ ರಿವೈಸ್ಡ್ ಮಂಜೂರಾತಿ ತರಬೇಕು. ಅದಕ್ಕಿಂತ ಚಿಂಕಾರ ಎತ್ತರ ಆಗೂದು ಸಲೀಸ್ ರೀ.’

ಸಾಹೇಬರ ಮೇಲೆ ನನಗೆ ಸಿಟ್ಟಿಲ್ಲ. ಸತ್ಯ ಹೇಳುವವರು ಈಗ ಕಡಿಮೆ.

ಆದರೆ ಎತ್ತರದ ವಿಷಯದಲ್ಲಿ ನಮ್ಮ ಜಿಲ್ಲೆಯನ್ನು ಯಾರೂ ಹಗುರಾಗಿ ನೋಡಬಾರದು. ಅದೇ ಮಡ್ಡಿಯ ತುದಿಗೆ ಹೋಗಿ ನಿಂತರೆ ದೂರದಲ್ಲಿ ಕೃಷ್ಣೆಯ ಹಿನ್ನೀರು ಬೆಳ್ಳಗೆ ಮಿಂಚುತ್ತದೆ. ಆಲಮಟ್ಟಿ ತುಂಬಿದರೆ 123 ಟಿಎಂಸಿ. ಒಂದು ಟಿಎಂಸಿ ಅಂದರೆ ಸುಮಾರು 2,831 ಕೋಟಿ ಲೀಟರ್. ಆ ಜಲಾಶಯದ ನೀರಿನ ಮಟ್ಟ 519.60 ಮೀಟರ್ ಇರಬೇಕೋ 524.256 ಮೀಟರ್ ಆಗಬೇಕೋ ಎಂದು ರಾಜ್ಯರಾಜ್ಯಗಳೇ ಜಗಳಕ್ಕೆ ಬಿದ್ದಿವೆ. ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ತೀರ್ಪು ಕೊಟ್ಟಿತು, ಜಗಳ ಮುಗಿದಿಲ್ಲ. ಆ ಕೊನೆಯ ಅಂಕಿ ನೋಡಿ, 256. ಮಿಲಿಮೀಟರ್ ಲೆಕ್ಕ! ಅಣೆಕಟ್ಟಿನ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆಯುವ ನಾಡಿನಲ್ಲಿ, ಒಂದು ಚಿಗರಿಯ ಕತ್ತು ಎಲ್ಲಿಗೆ ಮುಟ್ಟುತ್ತದೆ ಅಂತ ಒಂದು ಗೇಣು ಹಾಕಿ ನೋಡಲು ಕೈ ಬಿಡುವಿರಲಿಲ್ಲ.

ಹಿನ್ನೀರು ಕಾಣುತ್ತದಲ್ಲ, ಅಲ್ಲೇ ಹೋಗಿ ಕುಡಿಯಬಾರದೇ ಅಂತ ಸಾಹೇಬರೂ ಕೇಳಿದರು. ಹೋಗಬಹುದು. ನಡುವೆ ಕಬ್ಬು, ಟಾರ್ ರಸ್ತೆ, ಊರ ನಾಯಿಗಳು ಇವೆ. ನಮ್ಮ ಊರ ನಾಯಿಗಳಿಗೆ ಮುಧೋಳ ಹೌಂಡಿನ ವಂಶಾವಳಿ ಇಲ್ಲದಿರಬಹುದು, ಉಮೇದು ಏನೂ ಕಡಿಮೆ ಇಲ್ಲ.

ಇನ್ನು ಈ ತೊಟ್ಟಿಯ ಜಾತಕಕ್ಕೆ ಬರೋಣ. ಬೇಸಿಗೆಯಲ್ಲಿ ಪ್ರಾಣಿಗಳಿಗೆ ನೀರು ಕೊಡುವ ಕೆಲಸ. ಬಿಲ್ ಆಗಿದ್ದು ಮಾರ್ಚ್ 31ರ ರಾತ್ರಿ. ಉದ್ಘಾಟನೆ ಆಗಿದ್ದು ಜೂನ್ 5ಕ್ಕೆ, ಪರಿಸರ ದಿನ ಅಂತ. ಅವತ್ತು ಮೋಡ ಹಾಕಿತ್ತಂತೆ. ಸಾಹೇಬರು ರಿಬ್ಬನ್ ಕತ್ತರಿಸುವಾಗ ಎರಡು ಹನಿಯೂ ಬಿತ್ತಂತೆ. ಶುಭಶಕುನ ಅಂದರಂತೆ. ಮಾರ್ಚ್ 31ಕ್ಕೂ ಜೂನ್ 5ಕ್ಕೂ ನಡುವೆ ಏಪ್ರಿಲ್, ಮೇ ಅಂತ ಎರಡು ತಿಂಗಳು ಬರುತ್ತವೆ. ಪ್ರಾಣಿಗಳು ಸಾಯುವುದು ಸಾಮಾನ್ಯವಾಗಿ ಆ ಹೊತ್ತಿನಲ್ಲೇ. ಕಡತಗಳಿಗೆ ಅದು ರಜೆಯ ಕಾಲ.

ಆ ಮೊದಲ ವರ್ಷ ಹೀಗೆ ಹೋಯಿತು. ಮರುವರ್ಷದಿಂದ ಟ್ಯಾಂಕರ್ ಬರತೊಡಗಿತು. ಸುಳ್ಳು ಹೇಳಬಾರದು, ಎಂಟು ಹತ್ತು ದಿನಕ್ಕೊಮ್ಮೆ ನಿಜವಾಗಿಯೂ ಬರುತ್ತದೆ. ಬಂದ ನೀರು ಯಾರ ಪಾಲು? ಮೊದಲ ಪಾಲು ಸೂರ್ಯನದು. ತೊಟ್ಟಿಗೆ ಮೇಲೆ ನೆರಳಿಲ್ಲ, ಪಕ್ಕದಲ್ಲಿ ಗಿಡವಿಲ್ಲ. ಇದ್ದ ಎರಡು ಜಾಲಿಯನ್ನು ಟ್ಯಾಂಕರ್ ತಿರುಗಿಸಲು ಜಾಗ ಬೇಕು ಅಂತ ಕಡಿದಿದ್ದಾರೆ. ನಮ್ಮ ಮೇ ಬಿಸಿಲಿಗೆ ದಿನಕ್ಕೆ 8ರಿಂದ 10 ಮಿಲಿಮೀಟರ್ ನೀರು ಆವಿಯಾಗುತ್ತದೆ. ತೊಟ್ಟಿ ಮೂರು ಮೀಟರ್ ಉದ್ದ, ಒಂದೂವರೆ ಅಗಲ. ಲೆಕ್ಕ ಹಾಕಿ, ದಿನಕ್ಕೆ ಸುಮಾರು ನಲವತ್ತು ಲೀಟರ್. ನಾಲ್ಕು ಕೊಡ ನೀರನ್ನು ಸೂರ್ಯನಾರಾಯಣ ದಿನವೂ ತಪ್ಪದೆ ಕುಡಿದು ಹೋಗುತ್ತಾನೆ. ಈ ಯೋಜನೆಯ ಲಾಭ ಪೂರ್ತಿ ಪಡೆದವನು ಅವನೊಬ್ಬನೇ.

ಎರಡನೇ ಪಾಲು ಜೇನುಹುಳುಗಳದು. ಅವಕ್ಕೆ ರೆಕ್ಕೆ ಇದೆ, ಸ್ಟ್ಯಾಂಡರ್ಡ್ ಡಿಸೈನ್ ಏನೂ ಮಾಡಲಾರದು. ಮೂರನೆಯದನ್ನು ನೋಡಲು ನಾನು ಬಗ್ಗಿದೆ. ಹಸಿರುಗಟ್ಟಿದ ನೀರಿನ ಮೇಲೆ ಒಂದು ಅಳಿಲು ತೇಲುತ್ತಿತ್ತು. ಹೊಟ್ಟೆ ಉಬ್ಬಿ ಬೆನ್ನಿನ ಮೂರು ಗೆರೆ ಅಗಲವಾಗಿದ್ದವು. ಒಳಗೋಡೆಯ ನುಣುಪಾದ ಪಾಚಿಯ ಮೇಲೆ ಅದರ ಉಗುರಿನ ಗೀರುಗಳಿದ್ದವು. ಸುತ್ತಲೂ, ನಾಲ್ಕೂ ಗೋಡೆಗೆ. ಒಂದು ಮೂಲೆಗೆ ನಾಲ್ಕು ಕಲ್ಲು ಹಾಕಿ ಇಳಿಜಾರು ಮಾಡಿದ್ದರೆ ಹತ್ತಿ ಬರುತ್ತಿತ್ತು. ನೀರಿಗೆ ಇಳಿಯಲು ದಾರಿ ಬೇಕು, ಹತ್ತಲೂ ದಾರಿ ಬೇಕು ಅನ್ನುವುದು ಈ ಜಿಲ್ಲೆಗೆ ಹೊಸ ವಿದ್ಯೆಯಲ್ಲ. ಬಾದಾಮಿಯ ಅಗಸ್ತ್ಯತೀರ್ಥಕ್ಕೆ ಮೆಟ್ಟಿಲು ಇಳಿಸಿದವರು ನಮ್ಮವರೇ ಅಲ್ವಾ? ನಮ್ಮ ಅಜ್ಜಂದಿರು ಬಾವಿ ಪಕ್ಕ ಇಡುತ್ತಿದ್ದ ಕಲ್ಲಿನ ದೋಣಿಗೂ ಒಂದು ಎತ್ತರ ಇತ್ತು. ಎತ್ತಿಗೆ ಎತ್ತಿನಷ್ಟು, ಕುರಿಗೆ ಕುರಿಯಷ್ಟು. ಅವರ ಬಳಿ ಎಸ್ಟಿಮೇಟ್ ಇರಲಿಲ್ಲ, ಎತ್ತು ಇತ್ತು.

ಹೊರದೇಶದ್ದೇ ಬೇಕು ಅನ್ನುವವರಿಗೂ ದಾರಿ ಇದೆ. ಕ್ಯಾಲಿಫೋರ್ನಿಯಾದ ಒಣ ನೆಲದಲ್ಲಿ 1940ರ ದಶಕದಲ್ಲೇ ಕ್ವೇಲ್ ಹಕ್ಕಿಗಳಿಗಾಗಿ ಗಜ್ಲರ್ ಅಂತ ಮಾಡಿದರು. ನೆಲದ ಮೇಲೆ ಒಂದು ಇಳಿಜಾರು ಹಾಸು. ಅದರ ಮೇಲೆ ಬಿದ್ದ ಮಳೆ ನೆಲದಡಿಯ ಮುಚ್ಚಿದ ತೊಟ್ಟಿಗೆ ಹರಿಯುತ್ತದೆ. ಪ್ರಾಣಿ, ಹಕ್ಕಿ ನೆರಳಲ್ಲಿ ಇಳಿಜಾರಿನಲ್ಲಿ ಇಳಿದು ಕುಡಿದು ಹೋಗುತ್ತವೆ. ನಮ್ಮಲ್ಲಿ ವರ್ಷಕ್ಕೆ 500ರಿಂದ 600 ಮಿಲಿಮೀಟರ್ ಮಳೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಹಾಸಿನ ಮೇಲೆ 50,000 ಲೀಟರ್ ಬೀಳುತ್ತದೆ. ಅರ್ಧ ಪೋಲಾಗಲಿ, ಉಳಿದರ್ಧವೇ ಬೇಸಿಗೆಗೆ ಸಾಕಾದೀತು. ಟ್ಯಾಂಕರ್ ಬೇಡ. ತೊಂದರೆ ಇರುವುದೂ ಅಲ್ಲೇ. ಟ್ಯಾಂಕರ್ ಇಲ್ಲ ಅಂದರೆ ಬಿಲ್ ಇಲ್ಲ. ಬಿಲ್ ಇಲ್ಲದ ನೀರನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ಕುಡಿಸುವುದು?

ಅಂದಹಾಗೆ, ಚಿಂಕಾರಕ್ಕೆ ನೀರೇ ಬೇಡ, ಎಲೆಯ ಪಸೆಯಲ್ಲೇ ಬದುಕುತ್ತದೆ ಅಂತ ವಾದಿಸುವವರು ಇದ್ದಾರೆ. ಬಹಳ ಮಟ್ಟಿಗೆ ನಿಜ. ಎಲೆ, ಇಬ್ಬನಿಯ ಮೇಲೆಯೇ ದಿನಗಟ್ಟಲೆ ತಳ್ಳುವ ಗಟ್ಟಿ ಪ್ರಾಣಿ ಅದು. ಆದರೆ ಎಲೆ ಇರಬೇಕಲ್ಲ! ಮೇ ತಿಂಗಳಲ್ಲಿ ನಮ್ಮ ಮಡ್ಡಿಯಲ್ಲಿ ಪಸೆ ಇರುವುದು ಭಾಷಣದಲ್ಲಿ ಮಾತ್ರ. ಮತ್ತೆ ಮೊಲ, ನರಿ, ನವಿಲು, ಗೌಜಲಹಕ್ಕಿ ಇವೆಲ್ಲ ಚಿಂಕಾರದ ಹಾಗೆ ಯೋಗಿಗಳಲ್ಲ.

ಹಾಗಾದರೆ ಅವು ಎಲ್ಲಿ ಕುಡಿಯುತ್ತವೆ ಅಂತ ಕಾಕಾನನ್ನು ಕೇಳಿದೆ. ಅವನು ಸುಮ್ನೆ ನನ್ನ ತೋಳು ಹಿಡಿದು ತೊಟ್ಟಿಯ ಹಿಂದಕ್ಕೆ ಕರೆದುಕೊಂಡು ಹೋದ.

ಉತ್ತರದ ಮೂಲೆಯಲ್ಲಿ, ಬುಡಕ್ಕೆ, ಬೆರಳು ಹೋಗುವಷ್ಟು ಬಿರುಕು. ಸಿಮೆಂಟು ಹಾಕಬೇಕಾದಲ್ಲಿ ಬರೇ ಉಸುಕು ಹಾಕಿದ್ದರಿಂದ ಆದದ್ದು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಗರಸು ತಗ್ಗಾಗಿ ಪರಾತದಷ್ಟು ಅಗಲದ ಕುಣಿಯಾಗಿತ್ತು. ನಾಲ್ಕು ಬೆರಳು ನೀರು. ಗೋಡೆಯ ನೆರಳಿನಲ್ಲಿ ತಣ್ಣಗಿತ್ತು, ತಿಳಿಯಾಗಿತ್ತು. ಸುತ್ತಲಿನ ಹಸಿ ಮಣ್ಣು ಊರ ಚಾವಡಿಯ ಹಾಜರಿ ಪುಸ್ತಕದಂತಿತ್ತು. ಕಾಕಾ ಕೂತು ಓದುತ್ತಾ ಹೋದ. ಇದು ಮೊಲ. ಇದು ನರಿ, ನಸುಕಿನ್ಯಾಗ ಬಂದಾನ. ಇದು ಗೌಜಲ, ಮರಿ ಸಂಗಾಟ ಬಂದೇತಿ ನೋಡು. ಆಮೇಲೆ ಮಾತು ನಿಲ್ಲಿಸಿ ಒಂದು ಗುರುತಿನ ಸುತ್ತ ಬೆರಳಿನಿಂದ ಗೆರೆ ಎಳೆದ. ಎರಡು ಸಣ್ಣ ಸೀಳು, ತುದಿ ಚೂಪು, ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ಚಿಂಕಾರ.

ನೆಲದ ಮಟ್ಟದ ನೀರು, ನೆರಳು, ಹನಿಹನಿಯಾಗಿ ಪೂರೈಕೆ, ಇಳಿಜಾರು ಅಂಚು. ಕ್ಯಾಲಿಫೋರ್ನಿಯಾದವರು ತಲೆ ಕೆಡಿಸಿಕೊಂಡು ಮಾಡಿದ್ದನ್ನು ನಮ್ಮ ಗುತ್ತಿಗೆದಾರ ಸಿಮೆಂಟು ಕದ್ದು ಮಾಡಿದ್ದ. ನಾವು ಕಳಪೆ ಕಾಮಗಾರಿ ಅಂತ ಬೈಯುತ್ತೇವೆ. ಆ ಮಡ್ಡಿಯಲ್ಲಿ ಕಳಪೆಯಾದಷ್ಟು ಭಾಗ ಮಾತ್ರ ಕೆಲಸ ಮಾಡುತ್ತಿತ್ತು. ಈ ಮನುಷ್ಯನಿಗೆ ಒಂದು ಪ್ರಶಸ್ತಿ ಕೊಡಬೇಕು ಅಂತ ನಾನು ನಿಜವಾಗಿಯೂ ಅಂದುಕೊಂಡೆ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಇರಲಿಲ್ಲ. ಮರುದಿನ ನಸುಕಿಗೆ ಹೋಗಿ ದೂರದಲ್ಲಿ ಕೂತು, ಗೌಜಲಹಕ್ಕಿಯ ಸಂಸಾರ ಆ ಕುಣಿಯಲ್ಲಿ ನೀರು ಕುಡಿಯುವ ಫೋಟೊ ತೆಗೆದೆ. ‘ಸೋರುವ ತೊಟ್ಟಿಗೆ ಜೈ’ ಅಂತ ಬರೆದು ವಾಟ್ಸಾಪಿಗೆ ಹಾಕಿದೆ. ಅದು ಎಲ್ಲೆಲ್ಲೋ ತಿರುಗಿ ಕೊನೆಗೆ ತಲುಪಬಾರದ ಕಡೆಗೂ ತಲುಪಿತು. ನಮ್ಮ ಓಣಿಯ ನಲ್ಲಿ ಒಡೆದಿದೆ ಅಂತ ಎರಡು ವರ್ಷದಿಂದ ಅರ್ಜಿ ಕೊಡುತ್ತಿದ್ದೇವೆ, ಯಾರೂ ತಿರುಗಿ ನೋಡಿಲ್ಲ. ಇಲ್ಲಿ ನಾಲ್ಕೇ ದಿನದಲ್ಲಿ ಗೌಂಡಿ ಬಂದ. ಬಿರುಕಿಗೆ ಈ ಸಲ ಒಳ್ಳೆಯ ಸಿಮೆಂಟನ್ನೇ ಹಾಕಿದ್ದಾರೆ. ಕುಣಿಯನ್ನು ಗರಸು ತುಂಬಿ ಧಮ್ಮಸು ಹೊಡೆದಿದ್ದಾರೆ. ಕಡತಕ್ಕೆ ಎರಡು ಫೋಟೊ ಅಂಟಿಸಿದ್ದಾರಂತೆ. ದುರಸ್ತಿಗೆ ಮೊದಲು, ದುರಸ್ತಿಯ ನಂತರ. ಮೊದಲಿನದು ನನ್ನದೇ ಫೋಟೊ, ಗೌಜಲಹಕ್ಕಿ, ಮರಿಗಳು, ನೀರು. ನಂತರದ್ದರಲ್ಲಿ ಒಣ ನೆಲ, ನುಣುಪಾದ ಗೋಡೆ.

ಕಾಕಾ ಫೋನ್ ಮಾಡಿದ್ದ. ಗೌಂಡಿಯ ಜೊತೆ ಪೇಂಟರ್ ಕೂಡ ಬಂದಿದ್ದನಂತೆ. ಹೊಸ ಗಿಲಾವಿನ ಜಾಗ ಬೋಳಾಗಿ ಕಾಣುತ್ತದೆ ಅಂತ ಅಲ್ಲಿಗೂ ಬಣ್ಣ ಹಚ್ಚಿ ಹೋದನಂತೆ.

‘ಏನ್ ಬರದಾನ ಕಾಕಾ?’

‘ಆನಿ ಇನ್ನೊಂದು ಮರಿ ಹಾಕೇತಿ.’